ಸದ್ದಿಲ್ಲದೆ ಮುರಿದದ್ದು

ಜೂನ್ ೮

ಪ್ರೀತಿಯ ಅಕ್ಕ,

ಮಗಳು ಗುಬ್ಬಿಯನ್ನು ನಿನ್ನ ಕೈಗೊಪ್ಪಿಸಿ ಬಂದ ಮೇಲೆ ಈ ಮನೆಯಲ್ಲಿ ಫ್ರಿಜ್ಜು ಕೆಮ್ಮುವುದೂ ಕೇಳಿಸುತ್ತಿದೆ. ಅವಳ ಅಮ್ಮ ಆಸ್ಪತ್ರೆಯ ತರಬೇತಿ ಮುಗಿಸಿ ಬರುವ ತನಕ ನಾನು, ನನ್ನ ಒಂದು ತಟ್ಟೆ, ಒಂದು ಲೋಟ. ನಿನಗೆ ಫೋನ್ ಮಾಡೋಣವೆಂದರೆ ಕಿವಿಯ ಮಿಷನ್ನು ಕೀಂ ಎನ್ನುತ್ತದೆ, ನೀನು "ಏನು? ಏನು?" ಎನ್ನುತ್ತೀಯ, ನಾನು ಕಿರುಚುತ್ತೇನೆ, ಪಕ್ಕದ ಮನೆಯವರು ಜಗಳ ಎಂದುಕೊಳ್ಳುತ್ತಾರೆ. ಅದಕ್ಕೇ ಕಾಗದ. ನನ್ನ ಅಕ್ಷರ ನೋಡಿ ಕೆಂಪು ಪೆನ್ನು ತೆಗೆಯಬೇಡ ಹೆಡ್‌ಮಿಸ್ಸೇ.

ಗುಬ್ಬಿಯ ಬಗ್ಗೆ ಒಂದೆರಡು ಮಾತು. ಹಾಲಿನಲ್ಲಿ ಕೆನೆ ಕಂಡರೆ ಲೋಟ ಮುಟ್ಟುವುದಿಲ್ಲ. ತಲೆ ಬಾಚುವಾಗ ಬೀದಿಯೆಲ್ಲ ಕೇಳುವ ಹಾಗೆ ಕಿರುಚುತ್ತಾಳೆ. ಬರೀ ನಾಟಕ, ನಂಬಬೇಡ. ಟಿವಿ ನೋಡುತ್ತೇನೆಂದರೆ ತಡೆಯಬೇಡ. ಎರಡನೇ ಕ್ಲಾಸಿನ ಬೇರೆ ಮಕ್ಕಳು ಹೊಡೆದಾಟ ಬಂದರೆ ದಿಂಬಿನ ಹಿಂದೆ ಅವಿತುಕೊಳ್ಳುತ್ತವೆ, ಇವಳು ಕಣ್ಣು ಕೂಡ ಮಿಟುಕಿಸುವುದಿಲ್ಲ. ನನ್ನ ಸ್ಟುಡಿಯೋದ ಮೂಲೆಯಲ್ಲಿ ಕೂತು ಬೆಳೆದವಳು. ಎಲ್ಲ ಸುಳ್ಳು ಎಂದು ಅವಳಿಗೆ ಚೆನ್ನಾಗಿ ಗೊತ್ತು.

ಭಾವ ಮೊನ್ನೆಯೂ ಕೇಳಿದರು, "ನೀನು ಅಲ್ಲಿ ನಿಜವಾಗಿ ಮಾಡೋದೇನಪ್ಪಾ?" ಅಂತ. ಅವರಿಗೆ ಇನ್ನೊಮ್ಮೆ ಹೇಳಿಬಿಡು. ಶೂಟಿಂಗಿನಲ್ಲಿ ಹೀರೋ ಹೊಡೆಯುವುದು ವಿಲನ್ನಿನ ಕೆನ್ನೆಗಲ್ಲ, ಪಕ್ಕದ ಗಾಳಿಗೆ. ಸದ್ದೇ ಬರುವುದಿಲ್ಲ. ಆಮೇಲೆ ನಾನು ಸ್ಟುಡಿಯೋದಲ್ಲಿ ಪರದೆ ನೋಡುತ್ತ, ಕೈ ತಗಲುವ ಕ್ಷಣಕ್ಕೆ ಸರಿಯಾಗಿ ಹಳೇ ಚರ್ಮದ ಕೋಟಿಗೆ ಒಂದು ಗುದ್ದು ಕೊಡುತ್ತೇನೆ. ಹೊಟ್ಟೆಗೆ ಒದ್ದರೆ ಎಲೆಕೋಸಿಗೆ ಒದ್ದೆ ಟವೆಲ್ ಸುತ್ತಿ ಬಡಿಯುತ್ತೇನೆ. ಕುದುರೆ ಓಡಿದರೆ ತೆಂಗಿನ ಚಿಪ್ಪು. ಜನ ಕುರ್ಚಿಯ ತುದಿಗೆ ಬರುತ್ತಾರೆ, ನಾನು ಸಂಜೆ ಆ ಎಲೆಕೋಸನ್ನೇ ಪಲ್ಯ ಮಾಡುತ್ತೇನೆ.

ಈಗ ಒಂದು ದೊಡ್ಡ ಕೆಲಸ ನಡೆಯುತ್ತಿದೆ. ಯಾವುದೆಂದು ಹೇಳುವುದಿಲ್ಲ. ಹೇಳಿದರೆ ನೀನು ಪಾಠ ಶುರು ಮಾಡುತ್ತೀಯ.

ನಿನ್ನ ತಮ್ಮ

ಜೂನ್ ೨೧

ತಮ್ಮಾ,

ಕಾಗುಣಿತದ ತಪ್ಪುಗಳನ್ನು ಕಂಡೂ ಕಾಣದ ಹಾಗೆ ಬಿಟ್ಟಿದ್ದೇನೆ.

ಗುಬ್ಬಿ ಕೆನೆ ತೆಗೆದ ಹಾಲು ಕುಡಿಯುತ್ತಾಳೆ, ಆ ಕೆನೆಯನ್ನು ನಿನ್ನ ಭಾವ ಬ್ರೆಡ್ಡಿಗೆ ಹಚ್ಚಿಕೊಂಡು ತಿನ್ನುತ್ತಾರೆ. ಹಾಗಾಗಿ ಇಬ್ಬರಿಗೂ ಬಲು ದೋಸ್ತಿ. ಸ್ಕೂಲು ಬಿಟ್ಟ ಮೇಲೆ ಸೈಕಲ್ ಅಂಗಡಿಯಲ್ಲಿ ಮಾವನ ಪಕ್ಕ ಕೂತು ಟ್ಯೂಬನ್ನು ನೀರಿನಲ್ಲಿ ಅದ್ದಿ, ಗುಳ್ಳೆ ಎಲ್ಲಿಂದ ಏಳುತ್ತದೆಂದು ಹುಡುಕುತ್ತಾಳೆ. ಗಿರಾಕಿಗಳ ಮುಂದೆ "ಮಾವಾ, ಇದಕ್ಕೆ ಆಯುಸ್ಸು ಮುಗೀತು, ಹೊಸದೇ ಹಾಕಿ" ಎಂದು ಗಂಭೀರವಾಗಿ ಹೇಳುತ್ತಾಳಂತೆ. ವ್ಯಾಪಾರ ಏರಿದೆ.

ನಮ್ಮ ಸ್ಕೂಲಿನಲ್ಲೂ ಒಬ್ಬಳು ಗೆಳತಿ ಸಿಕ್ಕಿದ್ದಾಳೆ. ಬಸ್ ಕಂಡಕ್ಟರ್ ಮಗಳು, ಒಂದೆಡೆ ಕೂರುವ ಜಾತಿಯಲ್ಲ, ಅದಕ್ಕೇ ನಾವೆಲ್ಲ ಚಿಟ್ಟೆ ಎನ್ನುತ್ತೇವೆ. ಇಬ್ಬರೂ ಒಂದೇ ಬೆಂಚು, ಒಂದೇ ರಬ್ಬರು, ದಿನಕ್ಕೊಂದು ಜಗಳ.

ಇನ್ನು ನಿನ್ನ ದೊಡ್ಡ ಕೆಲಸದ ಗುಟ್ಟು. ಅದು ಒಂದು ವಾರವೂ ಉಳಿಯಲಿಲ್ಲ ಕಣೋ. ಇಲ್ಲಿ ಮಕ್ಕಳೆಲ್ಲ ಅಪ್ಪ ಅಮ್ಮನ ಮೊಬೈಲಿನಲ್ಲಿ "ಕರಿ ಕೈಗವಸು" ಅನ್ನುವ ಧಾರಾವಾಹಿ ನೋಡುತ್ತವೆ. ಹೀರೋಗೆ ಗ್ಲೌಸಣ್ಣ ಎಂದು ಹೆಸರಿಟ್ಟಿವೆ. ಗುಬ್ಬಿ ಮೊದಲ ದಿನವೇ ಬೆಂಚಿನ ಮೇಲೆ ಹತ್ತಿ ಸಾರಿದಳು: "ಗ್ಲೌಸಣ್ಣ ಹೊಡೆದಾಗ ಬರುತ್ತಲ್ಲ, ಅದು ನಮ್ಮಪ್ಪನ ಸದ್ದು!" ಅವತ್ತಿನಿಂದ ಅವಳಿಗೆ ರಾಣಿಯ ಮರ್ಯಾದೆ. ಅಂಗಳದ ಗ್ಲೌಸಣ್ಣನ ಆಟದಲ್ಲಿ ಅವಳು ಓಡುವುದಿಲ್ಲ, ಬೀಳುವುದಿಲ್ಲ. ಒಂದು ಕಡೆ ಕೂತು ಒಣಕಡ್ಡಿ, ಟಿಫಿನ್ ಡಬ್ಬಿ, ಚಪ್ಪಲಿ ಇಟ್ಟುಕೊಂಡು ಎಲ್ಲರ ಏಟಿಗೂ ಸದ್ದು ಕೊಡುತ್ತಾಳೆ. ನೋಡಿದರೆ ನಗು ಬರುತ್ತದೆ, ನೀನೇ ಚಿಕ್ಕವನಾಗಿ ಕೂತ ಹಾಗೆ.

ಪಾಠ ಮಾಡುವುದಿಲ್ಲ. ಕಂಡದ್ದು ಮಾತ್ರ ಹೇಳುತ್ತೇನೆ. ಮೊದಲೆಲ್ಲ ಇದೇ ಅಂಗಳದಲ್ಲಿ ಕಳ್ಳ ಪೊಲೀಸ್ ಆಡುವಾಗ ಕಳ್ಳ ತಪ್ಪಿಸಿಕೊಂಡರೆ ಎಲ್ಲರಿಗೂ ಖುಷಿ. ಈ ಆಟದಲ್ಲಿ ಯಾರೂ ತಪ್ಪಿಸಿಕೊಳ್ಳುವುದಿಲ್ಲ. ಬಿದ್ದವರ ಪಕ್ಕ ನಿಂತು ಇನ್ನೊಂದು ಒದೆ, ಅದಕ್ಕೆ ಚಪ್ಪಾಳೆ. ಒದೆ ತಗಲುವುದಿಲ್ಲ, ಗಾಳಿಗೇ ಒದೆಯುತ್ತವೆ, ಅಷ್ಟು ಚೆನ್ನಾಗಿ ಕಲಿತಿವೆ.

ಅಕ್ಕ

ಜುಲೈ ೩

ಅಕ್ಕಾ,

ಸಿಕ್ಕಿಬಿದ್ದೆ. ಹೌದು, ನನ್ನದೇ. ಮೊದಲ ಭಾಗ ಎಷ್ಟು ಓಡಿತೆಂದರೆ ಈಗ ಎರಡನೆಯದು ಮಾಡುತ್ತಿದ್ದೇವೆ. ಸ್ಟುಡಿಯೋದ ವಾಚ್‌ಮನ್ ಕೂಡ ನನ್ನನ್ನು ಕಂಡರೆ ಎದ್ದು ನಿಂತು ಗಾಳಿಗೆ ಒಂದು ಗುದ್ದು ಕೊಡುತ್ತಾನೆ. ಅದೇ ನಮಸ್ಕಾರ.

ನೀನು ಪಾಠ ಮಾಡುವುದಿಲ್ಲವೆಂದು ಹೇಳಿ ಪಾಠವನ್ನೇ ಮಾಡಿದ್ದೀಯ. ನಾವೇನು ಕಡಿಮೆ ಇದ್ದೆವೇ? ನೀನು ಪೊರಕೆ ಕಡ್ಡಿಯಲ್ಲಿ ಬಾಣ ಮಾಡಿ ನನ್ನ ಬೆನ್ನಿಗೆ ಗುರಿ ಇಡುತ್ತಿದ್ದೆ. ನಾನು ದಿನಕ್ಕೆ ನೂರು ಸಲ ಸತ್ತು ಊಟದ ಹೊತ್ತಿಗೆ ಎದ್ದು ಬರುತ್ತಿದ್ದೆ. ಇಬ್ಬರೂ ಯಾರ ಕತ್ತನ್ನೂ ಕೊಯ್ಯದೆ ದೊಡ್ಡವರಾದೆವು. ಮಕ್ಕಳಿಗೆ ಆಟ ಯಾವುದು, ನಿಜ ಯಾವುದು ಎಂದು ನಮಗಿಂತ ಚೆನ್ನಾಗಿ ಗೊತ್ತು. ಅದರಲ್ಲೂ ಗುಬ್ಬಿಗೆ.

ಅಂದ ಹಾಗೆ, ನನ್ನ ಮಗಳು ಒಣಕಡ್ಡಿಯನ್ನು ಬರಿಗೈಯಲ್ಲಿ ಮುರಿಯುತ್ತಿದ್ದಾಳೋ, ಬಟ್ಟೆ ಸುತ್ತಿ ಮುರಿಯುತ್ತಿದ್ದಾಳೋ? ಬಟ್ಟೆ ಸುತ್ತಿದರೆ ಸದ್ದಿಗೆ ಮಾಂಸ ಬರುತ್ತದೆ. ಹೇಳು ಅವಳಿಗೆ.

ನಿನ್ನ ತಮ್ಮ

ಜುಲೈ ೧೯

ತಮ್ಮಾ,

ಇಲ್ಲಿ ಎಲ್ಲ ಸರಿಯಾಗಿದೆ. ಕೆಲಸ ಜಾಸ್ತಿ, ಅದಕ್ಕೇ ಬರೆಯುವುದು ತಡವಾಯಿತು. ಆಡುವಾಗ ಬಿದ್ದು ಚಿಟ್ಟೆಯ ಕೈಗೆ ಏಟಾಗಿದೆ, ಪ್ಲಾಸ್ಟರ್ ಹಾಕಿದ್ದಾರೆ. ಗುಬ್ಬಿ ಆರಾಮಾಗಿದ್ದಾಳೆ, ಊಟ ಮಾಡುತ್ತಾಳೆ. ಈಗೀಗ ಸ್ಕೂಲಿನಿಂದ ಬಂದವಳು ಅಂಗಡಿಗೆ ಹೋಗುವುದಿಲ್ಲ, ನನ್ನ ಜೊತೆಗೇ ಇರುತ್ತಾಳೆ. ತಲೆ ಬಾಚುವಾಗ ಕಿರುಚುವುದನ್ನು ಬಿಟ್ಟಿದ್ದಾಳೆ.

ನಿನ್ನನ್ನು ಒಂದು ಮಾತು ಕೇಳಬೇಕು. ಮೂಳೆ ಮುರಿದರೆ ನಿಜವಾಗಿ ಎಂಥ ಸದ್ದಾಗುತ್ತದೆ? ನಿನಗೆ ಗೊತ್ತೇ?

ಅಕ್ಕ

ಜುಲೈ ೨೮

ಪ್ರೀತಿಯ ಅಕ್ಕ,

ಕೊನೆಗೂ ನನ್ನ ಕಸುಬಿನ ಬಗ್ಗೆ ಒಂದು ಪ್ರಶ್ನೆ ಕೇಳಿದೆಯಲ್ಲ! ಇಷ್ಟು ವರ್ಷಕ್ಕೆ ಇದೇ ಮೊದಲು. ಗುಬ್ಬಿ ನಿನ್ನನ್ನೂ ಹಾಳು ಮಾಡಿದಳು.

ಕೇಳು ಹಾಗಾದರೆ. ಬೆರಳು ಮುರಿಯಬೇಕಾದರೆ ಹಸಿ ಬೀನ್ಸು. ಕೈ ಮುರಿಯಬೇಕಾದರೆ ಎರಡು ಕ್ಯಾರೆಟ್ಟು, ಜೊತೆಗೆ ತೆಳ್ಳನೆ ಬಿದಿರು ಕಡ್ಡಿ, ಎರಡನ್ನೂ ಒದ್ದೆ ಬಟ್ಟೆಯಲ್ಲಿ ಸುತ್ತಿ ಮೈಕಿಗೆ ಅಂಟಿಸಿದ ಹಾಗೆ ಹಿಡಿದು ತಿರುಚಬೇಕು. ಬೆನ್ನುಮೂಳೆಗೆ ಇಡೀ ಎಲೆಕೋಸು ಬೇಕು. ಇದಕ್ಕೆಲ್ಲ ಅಡಿಯಲ್ಲಿ ಸಣ್ಣಗೆ ಒಂದು ಗುಡುಗಿನ ಸದ್ದು ಸೇರಿಸಿದರೆ ನೋಡುವವನ ಹೊಟ್ಟೆಯೊಳಗೇ ಮುರಿದ ಹಾಗೆ ಆಗುತ್ತದೆ. ಕಳೆದ ವಾರ ಗ್ಲೌಸಣ್ಣ ಒಬ್ಬನ ಮೊಣಕೈ ತಿರುಚುವ ದೃಶ್ಯಕ್ಕೆ ಸದ್ದು ಕೂರಿಸಿದೆ. ನಿರ್ದೇಶಕರು ಎದ್ದು ಬಂದು ಅಪ್ಪಿಕೊಂಡರು.

ಇನ್ನು ನಿಜವಾದ ಸದ್ದು. ನಿಜ ಹೇಳಬೇಕೆಂದರೆ ನಾನು ಯಾವತ್ತೂ ಕೇಳಿಲ್ಲ. ಕೇಳುವ ಅಗತ್ಯವೂ ಬಿದ್ದಿಲ್ಲ. ನಿಜದ್ದು ಬಹುಶಃ ಥಿಯೇಟರಿನ ಹಿಂದಿನ ಸಾಲಿನವರೆಗೆ ಮುಟ್ಟುವುದೇ ಇಲ್ಲ.

ಇಷ್ಟು ಬರೆದು ಕವರಿಗೆ ಹಾಕಬೇಕೆಂದಿದ್ದೆ. ಅಷ್ಟರಲ್ಲಿ ಭಾವನ ಫೋನಿನಿಂದ ಗುಬ್ಬಿ ಮಾತಾಡಿದಳು. ಊಟ ಆಯ್ತಾ ಅಂದಳು, ಅಮ್ಮ ಯಾವಾಗ ಬರ್ತಾಳೆ ಅಂದಳು. ಆಮೇಲೆ ಸಣ್ಣ ದನಿಯಲ್ಲಿ, "ಅಪ್ಪಾ, ಸದ್ದು ಬರದೇನೂ ಮುರಿಯುತ್ತಾ?" ಅಂತ ಕೇಳಿದಳು. ನಾನು ನಗುತ್ತ, "ಸದ್ದು ಬರ್ಲಿಲ್ಲ ಅಂದ್ರೆ ಅಪ್ಪ ಯಾತಕ್ಕಿರೋದು?" ಅಂದೆ. ಅವಳು ಫೋನನ್ನು ಭಾವನ ಕೈಗೆ ಕೊಟ್ಟು ಹೋಗಿಬಿಟ್ಟಳು.

ನಿನ್ನ ಕಾಗದವನ್ನು ಮತ್ತೆ ತೆಗೆದು ಓದಿದೆ. ನೀನೂ ಅದನ್ನೇ ಕೇಳಿದ್ದೀಯ. ಏನೋ ಆಗಿದೆ ಅಕ್ಕ. ಚಿಟ್ಟೆಯ ಕೈಗೆ ಏಟಾಗಿದೆ ಎಂದು ಒಂದು ಸಾಲು ಬರೆದು ಮುಂದೆ ಹೋಗಿದ್ದೀಯ. ಕಿರುಚುವುದನ್ನು ಬಿಟ್ಟಿದ್ದಾಳೆ ಎಂದರೆ ಏನರ್ಥ? ಬಚ್ಚಿಡಬೇಡ.

ನಿನ್ನ ತಮ್ಮ

ಆಗಸ್ಟ್ ೬

ತಮ್ಮಾ,

ಬಚ್ಚಿಟ್ಟಿದ್ದೆ. ಗುಬ್ಬಿಯೇ "ಅಪ್ಪಂಗೆ ಹೇಳ್ಬೇಡಿ ಅತ್ತೆ" ಅಂದಿದ್ದಳು. ನನಗೂ, ದೂರದಲ್ಲಿ ಒಬ್ಬನೇ ಕೂತವನಿಗೆ ಯಾಕೆ ಹೇಳುವುದು ಅನಿಸಿತು. ಈಗ ಹೇಳುತ್ತೇನೆ, ಸಮಾಧಾನವಾಗಿ ಓದು. ಯಾರಿಗೂ ಪ್ರಾಣಕ್ಕೇನೂ ಆಗಿಲ್ಲ.

ಮಧ್ಯಾಹ್ನದ ಊಟದ ಬಿಡುವು. ಅಂಗಳದಲ್ಲಿ ಅದೇ ಆಟ. ಅವತ್ತು ಚಿಟ್ಟೆ ವಿಲನ್ನು. ನೀರಿನ ತೊಟ್ಟಿಯ ಪಕ್ಕದ ಮೋಟು ಗೋಡೆಯ ಮೇಲೆ ನಿಂತಿದ್ದಳು. ಗ್ಲೌಸಣ್ಣನಾದವನು ಕೆಳಗಿನಿಂದ ಗಾಳಿಗೆ ಗುದ್ದಿದ, ಮುಟ್ಟಲೂ ಇಲ್ಲ. ಚಿಟ್ಟೆ ಏಟು ಬಿದ್ದವಳಂತೆ ಹಿಂದಕ್ಕೆ ವಾಲಿದಳು, ಕಾಲು ಜಾರಿತು, ಕೈ ಅಡಿಗೆ ಸಿಕ್ಕಿ ಬಿದ್ದಳು. "ಕೈ ಮುರೀತು" ಅಂದಳಂತೆ, ಮೆಲ್ಲಗೆ. ಗುಬ್ಬಿ ಕೂತಲ್ಲಿಂದಲೇ ಒಣಕಡ್ಡಿ ತೆಗೆದು ಲಟಕ್ಕನೆ ಮುರಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು.

ನನಗೆ ಅಂಗಳದ ಗಲಾಟೆ ಸರಿಯಾಗಿ ಕೇಳಿಸುವುದಿಲ್ಲವೆಂದು ನಿನಗೆ ಗೊತ್ತು. ಅದಕ್ಕೇ ನಾನು ಯಾವಾಗಲೂ ಮುಖಗಳನ್ನು ನೋಡುತ್ತೇನೆ. ಆಫೀಸಿನ ಕಿಟಕಿಯಿಂದ ಕಂಡಿತು: ಸುತ್ತ ನಗುವ ಮುಖಗಳು, ನಡುವೆ ಸುಣ್ಣದ ಹಾಗೆ ಬಿಳಿಚಿದ ಒಂದು ಮುಖ, ಬಾಯಿ ತೆರೆದಿದೆ, ತುಟಿ ಅಲುಗುತ್ತಿಲ್ಲ. ಓಡಿದೆ. ನಾನು ಹೋಗಿ ಮಂಡಿಯೂರಿ ಕೂತಾಗಲೂ ಹಿಂದಿನವರು ಚಪ್ಪಾಳೆ ತಟ್ಟುತ್ತಿದ್ದರು. ಗುಬ್ಬಿ ಹತ್ತಿರ ಬಂದು ನನ್ನ ತೋಳು ಜಗ್ಗಿದಳು. "ಅತ್ತೆ, ಅವಳಿಗೇನೂ ಆಗಿಲ್ಲ. ಆಕ್ಟ್ ಮಾಡ್ತಿದ್ದಾಳೆ. ಸದ್ದೇ ಬರ್ಲಿಲ್ಲ."

ಅವಳು ತುಂಟತನಕ್ಕೆ ಹೇಳಲಿಲ್ಲ ತಮ್ಮಾ. ನನಗೆ ಧೈರ್ಯ ಹೇಳಲು ಬಂದಿದ್ದಳು.

ನಿನ್ನ ಭಾವನ ಗೂಡ್ಸ್ ಆಟೋದಲ್ಲೇ ಆಸ್ಪತ್ರೆಗೆ ಹೋದೆವು. ಕಾಯುವ ಕೋಣೆ ತುಂಬ ಜನ. ಗೋಡೆಯ ಟಿವಿಯಲ್ಲಿ ಗ್ಲೌಸಣ್ಣ ಯಾರನ್ನೋ ಮೆಟ್ಟಿಲಿನಿಂದ ಉರುಳಿಸುತ್ತಿದ್ದ. ನನ್ನ ಮಡಿಲಲ್ಲಿ ಮಗು ನಡುಗುತ್ತಿತ್ತು, ಪಕ್ಕದ ಬೆಂಚಿನ ಹೆಂಗಸು ತಲೆ ಎತ್ತಿ ಟಿವಿ ನೋಡುತ್ತ ಚಿಪ್ಸ್ ತಿನ್ನುತ್ತಿದ್ದಳು. ಕೆಟ್ಟವಳಲ್ಲ. ಆಮೇಲೆ ಕಂಡಾಗ ಎದ್ದು ಜಾಗ ಬಿಟ್ಟುಕೊಟ್ಟಳು, ನೀರಿನ ಬಾಟಲಿ ಕೊಟ್ಟಳು. ಆದರೆ ಕಾಣಲು ಹೊತ್ತು ಹಿಡಿಯಿತು.

ನಿನ್ನ ಧಾರಾವಾಹಿ ಆ ಕೈಯನ್ನು ಮುರಿಯಿತೆಂದು ನಾನು ಹೇಳುವುದಿಲ್ಲ. ಕೈ ಮುರಿದದ್ದು ಗೋಡೆಯಿಂದ ಬಿದ್ದು. ಆ ಗೋಡೆಯ ಮೇಲಿಂದ ಮಕ್ಕಳು ನನ್ನ ಕಾಲದಿಂದ ಬೀಳುತ್ತಲೇ ಇದ್ದಾರೆ. ಆದರೆ ಇಷ್ಟು ವರ್ಷ ಯಾರಾದರೂ ಬಿದ್ದರೆ ಒಬ್ಬರಾದರೂ "ಮಿಸ್!" ಎಂದು ಕೂಗುತ್ತ ನನ್ನ ಬಾಗಿಲಿಗೆ ಬರುತ್ತಿದ್ದರು. ಅವತ್ತು ಯಾರೂ ಬರಲಿಲ್ಲ. ಎಲ್ಲ ಒಳ್ಳೆಯ ಮಕ್ಕಳೇ. ಅಷ್ಟೇ ನನ್ನನ್ನು ಕಾಡಿದ್ದು.

ಗುಬ್ಬಿ ಕಡ್ಡಿಗಳನ್ನೆಲ್ಲ ಕಸದ ಬುಟ್ಟಿಗೆ ಹಾಕಿದಳು. ಚಿಟ್ಟೆಯನ್ನು ನೋಡಲು ಬಾ ಎಂದರೆ ಬರುವುದಿಲ್ಲ. "ನಂಗ್ಯಾಕೆ ಗೊತ್ತಾಗ್ಲಿಲ್ಲ ಅತ್ತೆ?" ಎನ್ನುತ್ತಾಳೆ.

ಅಕ್ಕ

ಆಗಸ್ಟ್ ೧೦

ಅಕ್ಕ,

ನಿನ್ನ ಮೇಲೆ ಸಿಟ್ಟಿದೆ. ಹೇಳಬೇಕಿತ್ತು. ನೀನು ಮೂಳೆಯ ಸದ್ದು ಎಂಥದೆಂದು ಕೇಳಿದೆ, ನಾನು ಬೀನ್ಸು ಕ್ಯಾರೆಟ್ಟು ಎಂದು ಜಂಭ ಕೊಚ್ಚಿದೆ. ಅದನ್ನು ನೀನು ಯಾವ ಮನಸ್ಸಿನಲ್ಲಿ ಓದಿರಬೇಕು! ಗುಬ್ಬಿಗೆ ನಾನು ಫೋನಿನಲ್ಲಿ ಕೊಟ್ಟ ಉತ್ತರ ನೆನೆಸಿಕೊಂಡರೆ ಕೂತಲ್ಲಿ ಕೂರಲಾಗುತ್ತಿಲ್ಲ.

ಅವಳ ಅಮ್ಮನಿಗೆ ಎಲ್ಲ ಹೇಳಿದೆ. ಅವಳು ನನ್ನಷ್ಟು ಗಾಬರಿಯಾಗಲಿಲ್ಲ. "ಮುರಿದ ಸದ್ದು ನಾನೂ ಕೇಳಿಲ್ಲ ಕಣ್ರೀ. ಆದ್ರೆ ಜೋರಾಗಿ ಏಟಾದವರು ನಮ್ಮಲ್ಲಿಗೆ ಬಂದಾಗ ತುಂಬ ಮೆತ್ತಗೆ ಮಾತಾಡ್ತಾರೆ. ಕೂಗಾಡೋರಿಗಿಂತ ಅವರನ್ನ ನಾವು ಮೊದಲು ನೋಡ್ತೀವಿ," ಅಂದಳು. ಆಮೇಲೆ, "ಮಗಳ ಹತ್ರ ಹೋಗಿ. ಫೋನಲ್ಲಿ ಬೇಡ," ಅಂದಳು.

ರಜೆ ಕೇಳಿದ್ದೇನೆ. ಶನಿವಾರದ ಬಸ್ಸಿಗೆ ಬರುತ್ತೇನೆ.

ತಮ್ಮ

ಸೆಪ್ಟೆಂಬರ್ ೧

ತಮ್ಮಾ,

ನೀನು ಹೋದ ಮೇಲೆ ನಿನ್ನ ಭಾವ ಅಂಗಡಿಗೆ ಬಂದವರಿಗೆಲ್ಲ ನಿನ್ನ ಕಥೆ ಹೇಳುತ್ತಿದ್ದಾರೆ. ದೊಡ್ಡ ಪೆಟ್ಟಿಗೆ ಹಿಡಿದು ಬಸ್ಸಿನಿಂದ ಇಳಿದೆಯಂತೆ, ಮುಖ ಪರೀಕ್ಷೆ ಬರೆಯಲು ಹೋಗುವವನ ಹಾಗಿತ್ತಂತೆ, ಕಂಡಕ್ಟರ್ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುವುದನ್ನು ಮರೆತು ಒಳಗೆ ಹೋಗಿ, ಮತ್ತೆ ಹೊರಗೆ ಬಂದು ಬಿಟ್ಟೆಯಂತೆ. ಆ ಮಗು ಪ್ಲಾಸ್ಟರ್ ಕೈ ಎತ್ತಿ, "ಅಂಕಲ್, ಗ್ಲೌಸಣ್ಣನ ಸದ್ದು ಮಾಡಿ ತೋರಿಸಿ" ಎಂದಾಗ ನಿನ್ನ ಬಾಯಿ ಒಣಗಿದ್ದನ್ನು ಮಾತ್ರ ಅವರು ಹೇಳುವುದಿಲ್ಲ. ಅದನ್ನು ನಾನು ನೋಡಿದೆ.

ನೀನು ಆ ಸದ್ದು ಮಾಡದೆ ಪೆಟ್ಟಿಗೆಯಿಂದ ಹೆಡ್‌ಫೋನು, ಮೈಕು ತೆಗೆದು ಅವಳಿಗೆ ಕೊಟ್ಟದ್ದು ಒಳ್ಳೆಯದಾಯಿತು. ಆಮೇಲೆ ಕಂಡಕ್ಟರ್ ನಿನ್ನನ್ನು ಚಹಾಕ್ಕೆಂದು ಹೊರಗೆ ಕರೆದುಕೊಂಡು ಹೋದರಲ್ಲ, ಆಗ ಒಳಗೆ ನಡೆದದ್ದು ನಿನಗೆ ಗೊತ್ತಿಲ್ಲ. ಹೊರಡುವ ಗಡಿಬಿಡಿಯಲ್ಲಿ ಹೇಳಲಾಗಲಿಲ್ಲ.

ಚಿಟ್ಟೆ ಹೆಡ್‌ಫೋನು ಹಾಕಿಕೊಂಡು ಮೈಕನ್ನು ತನ್ನ ಗಂಟಲಿಗೆ ಹಿಡಿದು ನೀರು ಕುಡಿದಳು. ಬಿದ್ದು ಬಿದ್ದು ನಕ್ಕಳು. "ಗುಬ್ಬಿ, ನನ್ನೊಳಗೆ ಬಕೆಟ್ ಇದೆ ಕಣೇ!" ಬಾಗಿಲ ಬಳಿ ಅಂಟಿಕೊಂಡಿದ್ದ ಗುಬ್ಬಿ ತಡೆಯಲಾರದೆ ಹತ್ತಿರ ಬಂದಳು. ಅವಳ ಕಿವಿಗೆ ಹಾಕಿದ್ದಾಯಿತು. ಚಿಟ್ಟೆ ಮೈಕಿಗೆ ಉಸಿರು ಬಿಟ್ಟಳು, ಪ್ಲಾಸ್ಟರ್ ಕೆರೆದಳು, ಹೊಟ್ಟೆಗೆ ಹಿಡಿದಳು. ಗುಬ್ಬಿ ಕೇಳುತ್ತ ಕೇಳುತ್ತ ಇದ್ದಕ್ಕಿದ್ದಂತೆ ಕೇಳಿಬಿಟ್ಟಳು, "ಅವತ್ತು ನೀನ್ಯಾಕೆ ಜೋರಾಗಿ ಕೂಗಲಿಲ್ಲ?"

ಚಿಟ್ಟೆ ಯೋಚಿಸಿದಳು. ಆ ಮಗು ಯೋಚಿಸಿದ್ದನ್ನು ನಾನು ಅವತ್ತೇ ಮೊದಲು ಕಂಡದ್ದು. "ಕೂಗಕ್ಕೆ ಆಗ್ಲಿಲ್ಲ ಕಣೇ. ಉಸಿರು ಒಳಗೇ ಸಿಕ್ಕಾಕೊಂಡಿತ್ತು. ಹೀಗೆ," ಎಂದು ಮೈಕಿಗೆ ಮಾಡಿ ತೋರಿಸಿದಳು. ಏನು ಕೇಳಿಸಿತೋ ನನಗೆ ತಿಳಿಯದು. ಗುಬ್ಬಿಯ ಮುಖ ಸಣ್ಣದಾಯಿತು, ಅತ್ತಳು. ಜೋರಾಗಿ, ಮನಸಾರೆ ಅತ್ತಳು. ಚಿಟ್ಟೆಗೆ ಗಾಬರಿ. "ಮಿಸ್, ನಾನೇನೂ ಮಾಡಿಲ್ಲ!" ಎಂದು ಒಳ್ಳೆಯ ಕೈಯಲ್ಲಿ ಅವಳ ಬೆನ್ನು ತಟ್ಟಿದಳು. ನೀವಿಬ್ಬರು ಗಂಡಸರು ಚಹಾ ಕುಡಿದು ಬರುವಷ್ಟರಲ್ಲಿ ಎಲ್ಲ ಮುಗಿದು, ಇಬ್ಬರೂ ಬೆಕ್ಕಿನ ಹೊಟ್ಟೆಗೆ ಮೈಕು ಹಿಡಿಯಲು ಬೆಕ್ಕಿನ ಹಿಂದೆ ಓಡುತ್ತಿದ್ದರು.

ನಿನ್ನೆ ಪೋಷಕರ ಸಭೆ ಕರೆದಿದ್ದೆ. ನಾನು ಭಾಷಣ ಬರೆದುಕೊಂಡಿದ್ದೆ, ಬೇಕಾಗಲಿಲ್ಲ. ಕಂಡಕ್ಟರ್ ಎದ್ದು ನಿಂತರು. "ನಾನೇ ಊಟಕ್ಕೆ ಕೂತಾಗ ಹಾಕೋದು. ಅದಿಲ್ದಿದ್ರೆ ಮಗಳು ಬಾಯಿ ತೆರೆಯಲ್ಲ. ಗ್ಲೌಸಣ್ಣ ಒಂದು ಗುದ್ದು, ಇವಳು ಒಂದು ತುತ್ತು. ನಂಗೂ ಇಷ್ಟ, ಸುಳ್ಳು ಯಾಕೆ ಹೇಳ್ಲಿ? ಆದ್ರೆ ಕೈ ಮುರ್ಕೊಂಡ ದಿನಾನೂ ಮನೇಲಿ ಹಾಕಿದ್ವಿ. ಅವಳು ಮುಖ ತಿರುಗಿಸ್ಕೊಂಡ್ಲು, ನಾನು ನೋಡ್ತಾನೇ ಇದ್ದೆ. ಆಮೇಲೆ ನಾಚಿಕೆ ಆಯ್ತು," ಅಂದರು. ಎಲ್ಲರೂ ತಲೆ ತಗ್ಗಿಸಿದರು. ಒಬ್ಬ ಅಜ್ಜಿ, "ಹಾಗಾದ್ರೆ ನಾವು ದೊಡ್ಡೋರೂ ನೋಡಬಾರ್ದಾ? ನಂಗೆ ಅದರ ಮುಂದಿನ ಕಥೆ ಗೊತ್ತಾಗ್ಬೇಕಲ್ಲಮ್ಮಾ!" ಅಂದರು. ಸಭೆಯೇ ನಕ್ಕಿತು. ಕೊನೆಗೆ, ಮಕ್ಕಳು ಎದುರಿಗಿರುವಾಗ ಬೇಡ, ಊಟದ ಹೊತ್ತಿಗಂತೂ ಬೇಡವೇ ಬೇಡ ಎಂದು ಮಾತಾಯಿತು. ಎಷ್ಟು ಮನೆಯಲ್ಲಿ ಪಾಲಿಸುತ್ತಾರೋ ನೋಡೋಣ. ಅಜ್ಜಿಯ ಮೇಲೆ ನನಗೆ ನಂಬಿಕೆಯಿಲ್ಲ.

ಆಟ ನಿಲ್ಲಿಸಿಲ್ಲ, ನಾನೂ ನಿಲ್ಲಿಸಲು ಹೋಗಲಿಲ್ಲ. ಗುಬ್ಬಿಯೇ ಒಂದು ಕಾನೂನು ತಂದಿದ್ದಾಳೆ. ಯಾರು ಬಿದ್ದರೂ ಎಲ್ಲರೂ ನಿಲ್ಲಬೇಕು, ಹೊಡೆದವನೇ ಹೋಗಿ ಪಕ್ಕದಲ್ಲಿ ಕೂತು, "ನಿಜಾನಾ?" ಎಂದು ಕೇಳಬೇಕು. ಸತ್ತವನು "ಇಲ್ಲ, ಸುಳ್ಳು" ಎಂದ ಮೇಲೆಯೇ ಮುಂದಿನ ಏಟು. ಇದರಿಂದ ಆಟ ಬಸವನ ಹುಳುವಿನ ಹಾಗೆ ತೆವಳುತ್ತಿದೆ. ಮೊನ್ನೆ ಒಬ್ಬ ವಿಲನ್ನು, "ಸುಳ್ಳು, ಆದ್ರೆ ಬಾಯಾರಿಕೆ ನಿಜ" ಅಂದ. ಗ್ಲೌಸಣ್ಣ ಹೋಗಿ ನೀರು ತಂದುಕೊಟ್ಟ.

ಅಕ್ಕ

ಸೆಪ್ಟೆಂಬರ್ ೨೩

ಪ್ರೀತಿಯ ಅಕ್ಕ,

ನಿನ್ನ ಕಾಗದವನ್ನು ಬಸ್ಸಿನಲ್ಲಿ ಓದಿ ಒಬ್ಬನೇ ನಕ್ಕೆ, ಒಬ್ಬನೇ ಕಣ್ಣೊರೆಸಿಕೊಂಡೆ. ಪಕ್ಕದ ಸೀಟಿನವರು ಎದ್ದು ಬೇರೆ ಕಡೆ ಹೋಗಿ ಕೂತರು.

ಎರಡನೇ ಭಾಗದ ಕೆಲಸ ಮುಗಿಸಿದೆ. ಒಪ್ಪಿಕೊಂಡದ್ದನ್ನು ನಡುವೆ ಬಿಡಲು ಮನಸ್ಸು ಬರಲಿಲ್ಲ. ಕೊನೆಯ ಕಂತಿನಲ್ಲಿ ಮತ್ತೆ ಒಬ್ಬನ ಕೈ ಮುರಿಯುವುದಿತ್ತು. ಎರಡು ಥರ ಮಾಡಿದೆ. ಒಂದು ಮಾಮೂಲಿನದು, ಗುಡುಗು ಸಮೇತ. ಇನ್ನೊಂದರಲ್ಲಿ ಏನೂ ಇಲ್ಲ. ಬಟ್ಟೆ ಸರಿದ ಸದ್ದು, ಒಂದು ಉಸಿರು ಒಳಕ್ಕೆ ಹೋಗಿ ಅಲ್ಲೇ ನಿಲ್ಲುವುದು, ದೂರದಲ್ಲಿ ಯಾರೋ ಬಾಗಿಲು ಹಾಕಿಕೊಳ್ಳುವುದು. ಅಷ್ಟೇ. ಎಡಿಟಿಂಗ್ ಮಾಡುವ ಹುಡುಗಿ ಮೊದಲನೆಯದಕ್ಕೆ ಆಕಳಿಸಿದಳು. ಎರಡನೆಯದಕ್ಕೆ ಅವಳ ಕೈ ತನ್ನ ಮೊಣಕೈಯನ್ನು ಹಿಡಿದುಕೊಂಡಿತು.

ನಿರ್ದೇಶಕರಿಗೆ ತೋರಿಸಿದೆ. ಇನ್ನೊಮ್ಮೆ ಹಾಕಿಸಿ ಕೇಳಿದರು. ಆಮೇಲೆ ಬೆನ್ನು ತಟ್ಟಿ, "ಚೆನ್ನಾಗಿದೆ ಕಣಯ್ಯಾ. ಅದಕ್ಕೇ ಬೇಡ. ಇದನ್ನ ಕೇಳಿದ್ರೆ ಜನಕ್ಕೆ ಅವನ ಮೇಲೆ ಪಾಪ ಅನಿಸುತ್ತೆ. ಪಾಪ ಅನಿಸಿದ್ರೆ ಗ್ಲೌಸಣ್ಣ ಏನಾಗ್ಬೇಕು?" ಅಂದರು. ಕೆಟ್ಟ ಮನುಷ್ಯರಲ್ಲ. ಅವರ ಲೆಕ್ಕ ಅವರಿಗೆ ಸರಿ. ಗುಡುಗೇ ಉಳಿಯಿತು.

ಮೂರನೇ ಭಾಗಕ್ಕೆ ಬರುವುದಿಲ್ಲವೆಂದು ಹೇಳಿದೆ. ಪ್ರಪಂಚ ನಿಲ್ಲಲಿಲ್ಲ ಅಕ್ಕ. ಅದೇ ವಾರ ಬೇರೊಬ್ಬ ಬಂದ. ಬಂದವನು ನಾಚಿಕೊಳ್ಳುತ್ತ ನನ್ನ ಹಳೇ ಚರ್ಮದ ಕೋಟು ಕೇಳಿದ, ಅದರಷ್ಟು ಚೆನ್ನಾಗಿ ಯಾವುದೂ ಏಟು ತಿನ್ನುವುದಿಲ್ಲವಂತೆ. ಕೊಟ್ಟೆ. ಯಾರೋ ಮಾಡೇ ಮಾಡುತ್ತಾರೆ, ಜನ ನೋಡೇ ನೋಡುತ್ತಾರೆ, ನನಗೆ ಗೊತ್ತು. ನಾನು ಮಾಡುವುದಿಲ್ಲ, ಅಷ್ಟೇ.

ಈಗ ಹಿಡಿದಿರುವ ಸಿನಿಮಾದಲ್ಲಿ ಇಬ್ಬರು ಅಕ್ಕತಂಗಿಯರು ಬಟ್ಟೆ ಒಗೆದು ಇಸ್ತ್ರಿ ಮಾಡುವ ಅಂಗಡಿ ನಡೆಸುತ್ತಾರೆ. ವಾರವಿಡೀ ಹೊದಿಕೆ ಕೊಡವಿದೆ, ಮಡಚಿದೆ, ಮತ್ತೆ ಬಿಚ್ಚಿ ಕೊಡವಿದೆ. ಒಂದು ಕಡೆ ತಂಗಿಯ ಬೆರಳಿಗೆ ಇಸ್ತ್ರಿ ತಾಗುತ್ತದೆ. ಬರೀ ಉಸಿರು ಇಟ್ಟೆ. ನಿರ್ದೇಶಕಿ ಏನೂ ಹೇಳದೆ ಮುಂದಿನ ದೃಶ್ಯಕ್ಕೆ ಹೋದರು. ಈ ಕಸುಬಿನಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆಯಿಲ್ಲ. ಮನೆಗೆ ಬಂದಾಗ ತೋಳು ನೋಯುತ್ತಿರುತ್ತದೆ, ಮೈಯೆಲ್ಲ ಸೋಪಿನ ವಾಸನೆ, ಚೆನ್ನಾಗಿ ನಿದ್ದೆ ಬರುತ್ತದೆ.

ಗುಬ್ಬಿಯ ಅಮ್ಮನಿಗೆ ಮುಂದಿನ ತಿಂಗಳು ಒಂದು ವಾರ ರಜೆ ಸಿಗುತ್ತದಂತೆ. ಇಬ್ಬರೂ ನೇರ ನಿನ್ನಲ್ಲಿಗೇ ಬರುತ್ತೇವೆ. ಭಾವನಿಗೆ ಹೇಳು, ಈ ಸಲ ಚಪ್ಪಲಿಯನ್ನು ಬಾಗಿಲಲ್ಲೇ ಬಿಡುತ್ತೇನೆ.

ನಿನ್ನ ತಮ್ಮ

ಅಕ್ಟೋಬರ್ ೧೬

ತಮ್ಮಾ,

ಬನ್ನಿ, ಬನ್ನಿ. ನಿನ್ನ ಭಾವ ಈಗಲೇ ಮಂಚದ ಕಾಲು 'ಕಿರ್' ಎನ್ನದ ಹಾಗೆ ಎಣ್ಣೆ ಬಿಟ್ಟಿದ್ದಾರೆ. ಸದ್ದಿನವನು ಬರುತ್ತಿದ್ದಾನೆ, ಮರ್ಯಾದೆ ಹೋಗಬಾರದು ಎನ್ನುತ್ತಾರೆ.

ಗುಬ್ಬಿ ಮತ್ತೆ ತಲೆ ಬಾಚುವಾಗ ಕಿರುಚಲು ಶುರು ಮಾಡಿದ್ದಾಳೆ. ನನಗೆ ಕೇಳಿಸುವಷ್ಟು ಜೋರಾಗಿ, ಅಂದರೆ ನೀನೇ ಊಹಿಸಿಕೋ. ಬಾಚಣಿಗೆ ಬದಲಿಸಿದ್ದೇನೆ, ದೊಡ್ಡ ಹಲ್ಲಿನದು ತಂದೆ. ಈಗ ಅರ್ಧ ಕಿರುಚುತ್ತಾಳೆ.

ಧಾರಾವಾಹಿಯ ಕೊನೆಯ ಕಂತು ಬಂದು ಹೋಯಿತು. ಕೆಲವು ಮಕ್ಕಳು ನೋಡಿ ಬಂದಿದ್ದರು. ಒಂದೆರಡು ದಿನ ಅಂಗಳದಲ್ಲಿ ಗ್ಲೌಸಣ್ಣ ಬಲು ಜೋರಾಗಿದ್ದ. ಆಮೇಲೆ ಯಾರೋ ಹಗ್ಗ ತಂದರು, ಎಲ್ಲರೂ ಹಗ್ಗ ಹಾರಲು ಹೋದರು. ಮತ್ತೆ ಬಂದಾನು. ನೋಡಿಕೊಳ್ಳೋಣ.

ಕಳೆದ ತಿಂಗಳು ಚಿಟ್ಟೆಯ ಪ್ಲಾಸ್ಟರ್ ತೆಗೆದರು. ಒಳಗಿನಿಂದ ತೆಳ್ಳಗೆ, ಬಿಳಿ ಬಿಳಿ ಕೈ ಬಂತು. ಗುಬ್ಬಿ ಮುಟ್ಟಲು ಹೆದರಿ ಒಂದು ಬೆರಳಿನಲ್ಲಿ ಸವರಿದಳು. ಡಾಕ್ಟರು, ಕೈ ಪೂರ್ತಿ ಸರಿಯಾಗಿದೆ, ಎಲ್ಲ ಕೆಲಸ ಮಾಡಬಹುದು ಎಂದು ಬರೆದುಕೊಟ್ಟಿದ್ದಾರೆ. ಚಿಟ್ಟೆ ಮರುದಿನವೇ ಬೇಲಿ ಹತ್ತಿದ್ದನ್ನು ನಾನೇ ನೋಡಿದ್ದೇನೆ.

ಆದರೆ ಸ್ಕೂಲು ಬಿಡುವ ಹೊತ್ತಿಗೆ ಆ ಕೈಗೆ ಮಾತ್ರ ಭಯಂಕರ ನೋವು ಬರುತ್ತದೆ. "ಅಯ್ಯೋ, ಇನ್ನೂ ನೋಯ್ತಿದೆ ಕಣೇ" ಎಂದು ಮುಖ ಕಿವಿಚಿಕೊಂಡು ಬ್ಯಾಗನ್ನು ಕೆಳಗಿಡುತ್ತಾಳೆ. ಗುಬ್ಬಿ ಎತ್ತಿಕೊಳ್ಳುತ್ತಾಳೆ. ಮುಂದೊಂದು ಬ್ಯಾಗು, ಹಿಂದೊಂದು ಬ್ಯಾಗು, ನಡುವೆ ನಿನ್ನ ಮಗಳು ಆಮೆಯ ಹಾಗೆ. ಚಿಟ್ಟೆ ಪಕ್ಕದಲ್ಲಿ ಕೈಬೀಸಿಕೊಂಡು ರಾಣಿಯಂತೆ ನಡೆಯುತ್ತಾಳೆ.

ಇವತ್ತು ತಡೆಯಲಾರದೆ ಗುಬ್ಬಿಯನ್ನು ಪಕ್ಕಕ್ಕೆ ಕರೆದೆ. "ಅವಳ ಕೈ ಚೆನ್ನಾಗಾಗಿದೆ ಪುಟ್ಟಾ. ಅವಳು ನಿನ್ನ ಹತ್ರ ನಾಟಕ ಆಡ್ತಿದ್ದಾಳೆ," ಅಂದೆ.

"ಗೊತ್ತು ಅತ್ತೆ," ಅಂದಳು.

"ಮತ್ಯಾಕೆ ಹೊರ್ತೀಯಾ?"

ಎರಡೂ ಬ್ಯಾಗುಗಳನ್ನು ಸರಿಮಾಡಿಕೊಂಡು ನನ್ನ ಮುಖವನ್ನೇ ನೋಡಿದಳು. ನಾನೇ ದಡ್ಡಿ, ಇಷ್ಟು ಸಣ್ಣ ವಿಷಯ ತಿಳಿಯುವುದಿಲ್ಲ ಎನ್ನುವ ಹಾಗೆ.

"ಒಂದ್ವೇಳೆ ಇವತ್ತು ನಿಜವಾಗಿದ್ರೆ?"

ನಾನು ಗೇಟು ತೆಗೆದೆ. ಹೋದಳು.

ನಿನ್ನ ಅಕ್ಕ